ಕೇಳಿದುದನ್ನು ಬರೆಯುವುದು

ಸಂಗೀತ ಕಛೇರಿಯೊಂದರ ವಿಮರ್ಶೆಯನ್ನು ಬರೆದು ತರುವಂತೆ ತರಗತಿಯಲ್ಲಿ ಹೇಳಿದಾಗ ಬರುವ ಬರಹಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಗಾಯಕರು ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿದರು, ಗಾನಸುಧೆ ಹರಿಯಿತು, ಪಕ್ಕವಾದ್ಯದವರು ಸೊಗಸಾಗಿ ನುಡಿಸಿದರು ಎಂಬಲ್ಲಿಗೆ ಬರಹ ಮುಗಿಯುತ್ತದೆ. ಕಛೇರಿಗೆ ಹೋಗದವನೂ ಇದನ್ನು ಬರೆಯಬಲ್ಲನು. ಹಾಗೆ ಬರೆದವರೂ ಉಂಟೆಂಬುದು ಉಪಾಧ್ಯಾಯರಿಗೆ ತಿಳಿಯದ ಸಂಗತಿಯಲ್ಲ.

ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಯ ವಿದ್ಯಾರ್ಥಿಗಳಿಗೆ ಕೇಳುವ ಅವಕಾಶಕ್ಕೆ ಕೊರತೆಯಿಲ್ಲ. ರಾಜ್ಯ ಸರ್ಕಾರವು ನಡೆಸುವ ಹಂಪಿ ಉತ್ಸವದಲ್ಲಿ ನಾಡಿನ ಹೆಸರಾಂತ ಕಲಾವಿದರು ಹಾಡುತ್ತಾರೆ. ವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ, ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪವಿದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಹೆಚ್ಚಾಗಿ ಬಿಟ್ಟಾಗ ಈ ಮಂಟಪವು ಹೊಳೆಯಲ್ಲಿ ಮುಳುಗುತ್ತದೆ. ಪುಷ್ಯ ಬಹುಳ ಅಮಾವಾಸ್ಯೆಯ ಆರಾಧನೆಯ ವೇಳೆಗೆ ನೀರು ಇಳಿದು ಕಲ್ಲುಕಂಬಗಳು ತಲೆಯೆತ್ತಿರುತ್ತವೆ. ಇಷ್ಟೆಲ್ಲ ಇದ್ದೂ ಕೇಳಿದುದು ಕಾಗದದ ಮೇಲೆ ಇಳಿಯುವುದಿಲ್ಲವೆಂದರೆ ಅದು ಅಂಕಗಳ ನಷ್ಟವಷ್ಟೇ ಅಲ್ಲ.

ಹಂಪಿಯನ್ನೇ ನೋಡಬಹುದು. ಮಹಾನವಮಿ ದಿಬ್ಬದ ಗೋಡೆಗಳಲ್ಲಿ ನರ್ತಕಿಯರೂ ವಾದ್ಯಗಾರರೂ ಸಾಲುಸಾಲಾಗಿ ನಿಂತಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಮನೆಯ ನೃತ್ಯಶಾಲೆಯೊಂದನ್ನು ವರ್ಣಿಸಿದ್ದಾನೆ. ನೃತ್ಯವು ಯಾವ ಭಂಗಿಯಲ್ಲಿ ಮುಗಿಯಬೇಕೆಂಬುದನ್ನು ತೋರಿಸುವ ಶಿಲ್ಪಗಳು ಅಲ್ಲಿದ್ದುವಂತೆ. ಕಲಿಯುವವಳು ಮರೆತರೆ ಕಲ್ಲನ್ನು ನೋಡಿ ನೆನಪಿಸಿಕೊಳ್ಳಬೇಕು. ನೃತ್ಯಕ್ಕೆ ಇಂತಹ ಆಸರೆ ದೊರೆಯಿತು. ಹಾಡಿಗೆ ದೊರೆಯಲಿಲ್ಲ. ಕಲ್ಲು ಮದ್ದಳೆಯನ್ನು ತೋರಿಸುತ್ತದೆಯೇ ಹೊರತು ಆ ದಿನದ ನಡೆಯನ್ನು ಕೇಳಿಸುವುದಿಲ್ಲ. ಪುರಂದರದಾಸರ ಪದಗಳ ಸಾಹಿತ್ಯ ಉಳಿದು ಬಂದರೂ ಅವುಗಳ ಮೂಲ ಧಾಟಿಗಳು ಬಹುಪಾಲು ಕಳೆದುಹೋಗಿವೆ. ಇಂದು ಒಂದೇ ಪದವನ್ನು ಒಬ್ಬರು ಕರ್ನಾಟಕ ಶೈಲಿಯ ರಾಗದಲ್ಲಿಯೂ ಇನ್ನೊಬ್ಬರು, ಭೀಮಸೇನ ಜೋಶಿಯವರು ದಾಸವಾಣಿಯಲ್ಲಿ ಹಾಡಿದಂತೆ, ಹಿಂದೂಸ್ತಾನಿ ರಾಗದಲ್ಲಿಯೂ ಹಾಡಬಲ್ಲರೆಂಬುದಕ್ಕೆ ಇದೂ ಒಂದು ಕಾರಣ.

ವಿಮರ್ಶೆಯೆಂದರೆ ತೀರ್ಪು ಎಂದು ತಿಳಿಯುವವರು ವಿಜಯನಗರದ ರಾಮಾಮಾತ್ಯನನ್ನು ನೆನೆಯುವುದು ಒಳಿತು. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ಈತನು 1550ರಲ್ಲಿ 'ಸ್ವರಮೇಳಕಲಾನಿಧಿ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಆತನು ರಾಗಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ವಿಂಗಡಿಸಿದ್ದಾನೆ. ಆ ತೀರ್ಪು ಮುಂದಿನ ಹಾಡುಗಾರರನ್ನು ಕಟ್ಟಿಹಾಕಲಿಲ್ಲ. ಆದರೆ ವೀಣೆಯ ತಂತಿಗಳನ್ನು ಹೇಗೆ ಶ್ರುತಿ ಮಾಡಬೇಕು, ಯಾವ ಮೆಟ್ಟಿಲಿನಲ್ಲಿ ಯಾವ ಸ್ವರ ನುಡಿಯುತ್ತದೆ ಎಂದು ಆತನು ಬಿಡಿಸಿ ಹೇಳಿದ ಭಾಗವಿದೆಯಲ್ಲ, ಅದನ್ನು ವಿದ್ವಾಂಸರು ಇಂದಿಗೂ ಬಿಡದೆ ಓದುತ್ತಾರೆ. ಅಚ್ಯುತರಾಯನ ಹೆಸರಿನ ಒಂದು ಬಗೆಯ ವೀಣೆಯ ವಿವರವೂ ಅಲ್ಲಿಯೇ ದೊರೆಯುತ್ತದೆ. ಹೊಗಳಿಕೆ ತೆಗಳಿಕೆಗಳಿಗಿಂತ ವಿವರಕ್ಕೆ ಆಯುಷ್ಯ ಹೆಚ್ಚು.

ಹದಿನಾಲ್ಕು ವರ್ಷದ ಬಾಲಕನಿಗೆ ರಾಗಜ್ಞಾನವೆಲ್ಲಿಂದ ಬರಬೇಕು ಎಂದು ಕೆಲವರು ಕೇಳುತ್ತಾರೆ. ರಾಗದ ಹೆಸರು ತಿಳಿಯದಿದ್ದರೆ ಅದನ್ನು ಊಹಿಸಿ ಬರೆಯಬೇಕಾದುದಿಲ್ಲ. ಪಕ್ಕದವರನ್ನು ಕೇಳಬಹುದು, ಇಲ್ಲವೇ ಬಿಡಬಹುದು. ಆದರೆ ಗಾಯಕಿಯು ಪದಕ್ಕೆ ಮೊದಲು ಉಗಾಭೋಗವನ್ನು ಹಾಡಿದಾಗ ತಾಳವಿರಲಿಲ್ಲವೆಂಬುದನ್ನೂ, ಮೃದಂಗ ಸುಮ್ಮನಿದ್ದು ಪಲ್ಲವಿ ತೊಡಗಿದೊಡನೆ ಅದು ಕೂಡಿಕೊಂಡಾಗ ಸಭೆಯವರು ಸರಿದು ಕುಳಿತುದನ್ನೂ ಯಾವ ಕಿವಿಯಾದರೂ ಗುರುತಿಸೀತು. ಒಂದೇ ಸಾಲನ್ನು ಮೂರು ಬಾರಿ ಹಾಡಿದಾಗ ಮೂರನೆಯದು ಹೇಗೆ ಬೇರೆಯಾಯಿತು? ಈ ಒಂದು ಪ್ರಶ್ನೆಗೆ ಉತ್ತರ ಬರೆಯುವವನ ಮುಂದೆ 'ಗಾನಸುಧೆ' ಎಂಬ ಮಾತು ತಾನಾಗಿಯೇ ನಾಚುತ್ತದೆ.

ಕೊರತೆಗಳನ್ನು ಬರೆಯಬಾರದೆಂಬ ಸಂಕೋಚವೂ ವಿದ್ಯಾರ್ಥಿಗಳಲ್ಲಿ ಉಂಟು. ಹಿರಿಯರನ್ನು ಆಕ್ಷೇಪಿಸುವುದು ಅವಿನಯವೆಂದು ಅವರು ಭಾವಿಸುತ್ತಾರೆ. ಗಾಯಕರು ಎತ್ತರದ ಸ್ವರವನ್ನು ಮುಟ್ಟಲು ಶ್ರಮಪಟ್ಟರು ಎಂದು ಬರೆಯುವುದು ಅವಿನಯವಲ್ಲ; ಅವರಿಗೆ ಹಾಡಲು ಬರುವುದಿಲ್ಲವೆಂದು ಬರೆಯುವುದು ಅವಿನಯ, ಮೇಲಾಗಿ ಸುಳ್ಳು. ಧ್ವನಿವರ್ಧಕದ ಗದ್ದಲದಲ್ಲಿ ತಂಬೂರಿಯೇ ಕೇಳಿಸಲಿಲ್ಲವಾದರೆ ಆ ತಪ್ಪನ್ನು ಕಲಾವಿದನ ತಲೆಗೆ ಕಟ್ಟದೆ, ಎಲ್ಲಿ ಸೇರಬೇಕೋ ಅಲ್ಲಿಗೆ ಸೇರಿಸಬೇಕು.

ವೇದಿಕೆಯ ಸಂಗೀತಕ್ಕೆ ಮಾತ್ರ ವಿಮರ್ಶೆ ಸಲ್ಲುತ್ತದೆಂಬ ನಿಯಮವನ್ನು ಯಾರೂ ಮಾಡಿಲ್ಲ. ಸಂಡೂರಿನ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಗುಂಪಾಗಿ ಹಾಡುತ್ತ ಕುಣಿಯುವಾಗ ಕೈಬಳೆ, ಕಾಲ್ಗಡಗಗಳ ಸದ್ದೂ ಹಾಡಿನೊಡನೆ ಬೆರೆಯುತ್ತದೆ. ಆ ತಾಂಡಾದಿಂದ ಶಾಲೆಗೆ ಬರುವ ಬಾಲಕಿಗೆ ಹಾಡಿನ ಅರ್ಥ ಗೊತ್ತು, ಸಂದರ್ಭ ಗೊತ್ತು. ಆಕೆ ಬರೆಯುವ ವಿಮರ್ಶೆಯನ್ನು ಪಟ್ಟಣದ ಪಂಡಿತನು ಬರೆಯಲಾರನು. ಕಂಪ್ಲಿಯ ಓಣಿಯೊಂದರ ಭಜನೆಗೂ ಈ ಮಾತು ಸಲ್ಲುತ್ತದೆ.

ಉತ್ಸವದ ಒಂದೇ ಕಛೇರಿಯನ್ನು ಕೇಳಿದ ಇಬ್ಬರು ವಿದ್ಯಾರ್ಥಿಗಳಲ್ಲಿ ಮುಂದಿನ ಸಾಲಿನವನಿಗೆ ಪಿಟೀಲಿನ ಕಮಾನಿನ ಎಳೆತವೂ ಕೇಳಿಸಿರುತ್ತದೆ. ದೂರದ ಬಂಡೆಯ ಮೇಲೆ ಕುಳಿತವನಿಗೆ ಹಾಡಿನೊಡನೆ ಕಡಲೆಕಾಯಿ ಮಾರುವವನ ಕೂಗು. ಉಪಾಧ್ಯಾಯರು ಇಬ್ಬರಿಂದಲೂ ಬರಹಗಳನ್ನು ತರಗತಿಯಲ್ಲಿ ಓದಿಸಬೇಕು, ಬಂಡೆಯ ಮೇಲೆ ಕುಳಿತವನಿಂದ ಮೊದಲು.