ಕಂಕುಳಲ್ಲಿ ಎರಡು ತೆಂಗಿನಕಾಯಿ

ಆಟ ಮುಗಿದು ಮಂಗಳ ಹಾಡಿದ ಮೇಲೆ ಅತಿಥಿಗಳೊಬ್ಬರು ಮೈಕ್ ಹಿಡಿದರು. ಹಳೆಯ ಯಕ್ಷಗಾನ ಅಭಿಮಾನಿ, ಒಳ್ಳೆಯ ಮನುಷ್ಯ. “ಪ್ರಸಂಗ ಚಂದ ಆಯ್ತು. ಒಂದೇ ಒಂದು ಕೊರತೆ ಹೇಳ್ತೇನೆ, ಯಾರೂ ಬೇಜಾರು ಮಾಡ್ಬಾರ್ದು. ಸ್ತ್ರೀವೇಷಕ್ಕೆ ಇನ್ನೂ ಸ್ವಲ್ಪ ಹೆಣ್ತನ ಬೇಕಿತ್ತು” ಎಂದರು. ಮುಂದಿನ ಸಾಲಿನವರು ತಲೆದೂಗಿದರು.

ಆ ಸ್ತ್ರೀವೇಷ ಕಟ್ಟಿದವಳಿಗೆ ಎರಡು ಮಕ್ಕಳು, ಒಂದು ಮೊಮ್ಮಗು. ಅವತ್ತು ಬೆಳಿಗ್ಗೆ ಐದಕ್ಕೆ ಎದ್ದು ದನ ಕರೆದು, ಬೂತಾಯಿ ಸಾರು ಮಾಡಿಟ್ಟು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸಿ, ಮಧ್ಯಾಹ್ನದ ಬಸ್ಸಿಗೆ ಬಂದು ಮುಖಕ್ಕೆ ಬಣ್ಣ ಹಚ್ಚಲು ಕೂತವಳು. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಜಡೆ ಬಿಚ್ಚುತ್ತ ನನ್ನನ್ನು ಕೇಳಿದಳು: “ಇನ್ನೂ ಎಷ್ಟು ಬೇಕಂತೆ ಅಕ್ಕಾ?”

ನಾನು ಪುತ್ತೂರಿನ ಆಚೆ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಯಕ್ಷಗಾನ ಕಲಿಯಲು ಹೋದದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಮಂಡಿ ನೋವು ಶುರುವಾದ ಮೇಲೆ. ಹಾಗಾಗಿ ಕಲೆಯ ಬಗ್ಗೆ ದೊಡ್ಡ ಮಾತು ಆಡುವ ಯೋಗ್ಯತೆ ನನಗಿಲ್ಲ. ಆದರೆ ಆ ಅತಿಥಿಗಳ ಮಾತು ಅವರೊಬ್ಬರದ್ದಲ್ಲ, ನಮ್ಮ ಕಡೆ ಎಲ್ಲ ಕಟ್ಟೆಗಳಲ್ಲೂ ಕೇಳುವಂಥದ್ದು. ಸ್ತ್ರೀವೇಷಕ್ಕೆ ಗಂಡಸರೇ ಸರಿ, ಹೆಂಗಸರಿಗೆ ಅದು ಒಲಿಯುವುದಿಲ್ಲ ಎಂದು ಹೇಳುವವರು ಕೋಳ್ಯೂರು ರಾಮಚಂದ್ರ ರಾಯರ ಹೆಸರು ಎತ್ತುತ್ತಾರೆ. ಅವರ ವೇಷ ನೋಡಿದವರಿಗೆ ಎದುರಾಡಲು ಬಾಯಿ ಬರುವುದಿಲ್ಲ, ಅದೂ ನಿಜ. ಮೊದಮೊದಲು ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಇದನ್ನು ಬಿಡಬಾರದು, ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ. ಯಾಕೆಂದರೆ ಇದೇ ಜನ ಬೇರೆ ದಿನ ಬೇರೆ ಕಟ್ಟೆಯಲ್ಲಿ ಕೂತು, ಹೆಣ್ತನ ಎನ್ನುವುದು ಹುಟ್ಟುಗುಣ, ದೇವರು ಕೊಟ್ಟದ್ದು, ಅದನ್ನು ಕಲಿಸಲಿಕ್ಕುಂಟಾ ಎಂದು ವಾದಿಸುತ್ತಾರೆ. ಹುಟ್ಟುಗುಣವಾದರೆ ಗಂಡಸು ಅದನ್ನು ಹೆಂಗಸಿಗಿಂತ ಚೆನ್ನಾಗಿ ಮಾಡುವುದು ಹೇಗೆ ಮಾರಾಯ್ರೆ? ಎರಡು ಹೆತ್ತವಳಿಗೆ ಅದು ಕಡಿಮೆ ಬೀಳುವುದು ಹೇಗೆ?

ಮೊದಲ ತರಗತಿ ದೇವಸ್ಥಾನದ ಹಿಂದಿನ ಊಟದ ಹಾಲ್‌ನಲ್ಲಿ. ನಾವು ಒಂಬತ್ತು ಜನ ಹೆಂಗಸರು, ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ನಿಂತಿದ್ದೆವು. ಗುರುಗಳು ತಾಳ ಕುಟ್ಟುತ್ತ ಹೆಜ್ಜೆ ಹಾಕಿಸಿದರು. ಹೆಜ್ಜೆ ಬೇಗ ಬಂತು, ಕೈ ಮಾತ್ರ ಬರಲಿಲ್ಲ. ಪುಂಡುವೇಷಕ್ಕೆ, ಅಂದರೆ ಎಳೆಯ ವೀರನ ಪಾತ್ರಕ್ಕೆ, ತೋಳು ಮೈಯಿಂದ ಬಿಡಿಸಿಕೊಂಡು ನಿಲ್ಲಬೇಕು. ನಮ್ಮ ಒಂಬತ್ತು ಜೊತೆ ಮೊಣಕೈಗಳೂ ಅಂಟು ಹಾಕಿದ ಹಾಗೆ ಸೊಂಟಕ್ಕೆ ಅಂಟಿಕೊಂಡಿದ್ದವು. ಗುರುಗಳು ಬೈಯಲಿಲ್ಲ. “ಎರಡೂ ಕಂಕುಳಲ್ಲಿ ಒಂದೊಂದು ತೆಂಗಿನಕಾಯಿ ಉಂಟು ಅಂತ ಗ್ರಹಿಸಿ ಅಕ್ಕಾ. ಸುಲಿಯದ ಕಾಯಿ” ಎಂದರು. ಆ ಸುಲಿಯದ ಕಾಯಿಗೆ ಬೇಕಾದಷ್ಟು ಜಾಗ ಬಿಡಲು ನನಗೆ ಮೂರು ತಿಂಗಳು ಹಿಡಿಯಿತು.

ತಮಾಷೆ ಇರುವುದು ಇನ್ನೊಂದು ಮೂಲೆಯಲ್ಲಿ. ಅಲ್ಲಿ ಹೈಸ್ಕೂಲಿನ ಹುಡುಗನೊಬ್ಬನಿಗೆ ಅದೇ ಗುರುಗಳು ಸ್ತ್ರೀವೇಷದ ನಡೆ ಹೇಳಿಕೊಡುತ್ತಿದ್ದರು. ಮೊಣಕೈ ಸೊಂಟ ಬಿಡಬಾರದು, ಹೆಜ್ಜೆ ಪಾದದಷ್ಟೇ ಉದ್ದ ಇರಬೇಕು, ಎದುರಿನವರನ್ನು ನೇರ ನೋಡದೆ ಕಣ್ಣು ಅರ್ಧ ಇಳಿಸಬೇಕು. ಒಂದೊಂದನ್ನೂ ಅವನಿಗೆ ಪಾಠದ ಹಾಗೆ ಹೇಳಿಕೊಡುವುದನ್ನು ಕೇಳುತ್ತ ಕೇಳುತ್ತ ನನ್ನ ಬೆನ್ನು ತಣ್ಣಗಾಯಿತು. ಈ ಪಾಠ ನನಗೆ ಮೊದಲೇ ಆಗಿತ್ತು. ನನ್ನ ಗುರು ಅಜ್ಜಿ. ಕೈ ಬೀಸಿ ನಡೆದರೆ ‘ಗಂಡುಬೀರಿ’, ಅಂಗಳದಲ್ಲಿ ಓಡಿದರೆ ‘ನೆಲ ನಡುಗುತ್ತದೆ’, ಜಗಲಿಯಲ್ಲಿ ಕಾಲು ಚಾಚಿದರೆ ಮೊಣಕಾಲಿಗೆ ಹಿಡಿಸೂಡಿಯ ಕಡ್ಡಿ. ಆ ಹುಡುಗನಿಗೆ ಕಲಿಸಿದ್ದು ತಾಳ ಹಾಕಿ, ನನಗೆ ಕಲಿಸಿದ್ದು ಕಡ್ಡಿ ಹಿಡಿದು. ಅವನಿಗೆ ಕಲಿತದ್ದು ಎಂದು ಗೊತ್ತು. ನಾನು ಮೂವತ್ತು ವರ್ಷ ಅದನ್ನು ನನ್ನ ಸ್ವಭಾವ ಎಂದೇ ತಿಳಿದಿದ್ದೆ.

ಮಗಳು ಮಂಗಳಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಇದನ್ನು ಹೇಳಿದೆ. ಅವಳು ನಕ್ಕು, ಐರಿಸ್ ಮರಿಯನ್ ಯಂಗ್ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞೆ 1980ರಲ್ಲಿ ಇದರ ಮೇಲೆಯೇ ಒಂದು ಪ್ರಬಂಧ ಬರೆದಿದ್ದಾಳೆ ಅಂದಳು. ಹುಡುಗಿಯರು ಚೆಂಡು ಎಸೆಯುವಾಗ ಕೈ ಮಾತ್ರ ಆಡಿಸುತ್ತಾರೆ, ಇಡೀ ಮೈಯನ್ನು ತೊಡಗಿಸುವುದಿಲ್ಲ ಯಾಕೆ ಎಂಬ ಪ್ರಶ್ನೆ ಅದರಲ್ಲಿ ಬರುತ್ತದೆ. ಎಲುಬು, ಸ್ನಾಯುವಿನ ವ್ಯತ್ಯಾಸದಿಂದ ಮಾತ್ರ ಅದನ್ನು ವಿವರಿಸಲಿಕ್ಕಾಗದು, ತನ್ನ ಸುತ್ತ ಇಷ್ಟೇ ಜಾಗ ತನ್ನದು ಎಂದು ಹುಡುಗಿಯ ಮೈ ಕಲಿತುಬಿಟ್ಟಿರುತ್ತದೆ ಎಂಬುದು ಯಂಗ್ ವಾದ. ಸಿಮೊನ್ ದ ಬೊವಾ 1949ರಲ್ಲೇ ‘ದಿ ಸೆಕೆಂಡ್ ಸೆಕ್ಸ್’ ಬರೆದು ಈ ಚರ್ಚೆಗೆ ಬಾಗಿಲು ತೆರೆದಿದ್ದಳು. ನಾನು ಅವನ್ನು ಓದಿದ್ದು ಆಮೇಲೆ, ತೆಂಗಿನಕಾಯಿ ಆದ ಮೇಲೆ.

ಮಗಳ ನೋಟ್ಸಿನಲ್ಲಿ ‘ಲಿಂಗತ್ವವು ಸಾಮಾಜಿಕ ನಿರ್ಮಿತಿ’ ಎಂದು ಕೆಂಪು ಗೆರೆ ಎಳೆದಿತ್ತು. ಈ ‘ನಿರ್ಮಿತಿ’ ನನಗೆ ಹಿಡಿಸಲಿಲ್ಲ. ನಿರ್ಮಿತಿ ಅಂದರೆ ನಮಗೆ ನೆನಪಾಗುವುದು ಜಿಲ್ಲೆಯ ನಿರ್ಮಿತಿ ಕೇಂದ್ರ, ಅವರು ಕಟ್ಟಿದ ಕಟ್ಟಡ. ಚೌಕಿಯಲ್ಲಿ ಇದಕ್ಕಿಂತ ಒಳ್ಳೆಯ ಶಬ್ದ ಉಂಟು: ಕಟ್ಟುವುದು. ನಾವು ವೇಷ ‘ಹಾಕುವುದು’ ಕಡಿಮೆ, ‘ಕಟ್ಟುವುದು’ ಹೆಚ್ಚು. ಮನೆ ಕಟ್ಟುವುದೂ ಅದೇ, ಹಗ್ಗದಿಂದ ದನ ಕಟ್ಟುವುದೂ ಅದೇ, ತಾಳಿ ಕಟ್ಟುವುದೂ ಅದೇ. ಕಟ್ಟುಪಾಡು, ಕಟ್ಟಳೆ ಎಲ್ಲ ಅದರ ಮಕ್ಕಳು. ಕಟ್ಟಿದ್ದರಲ್ಲಿ ಬಾಳಲೂಬಹುದು, ಕಟ್ಟಿದ್ದು ಬಿಗಿಯಲೂಬಹುದು, ಎರಡೂ ಆ ಒಂದು ಮಾತಿನಲ್ಲಿ ಉಂಟು. ಇನ್ನೊಂದೂ ಉಂಟು. ಹೆಣ್ತನ ಕಟ್ಟಿದ್ದು ಅಂದರೆ ಸುಳ್ಳು ಎಂದು ಕೆಲವರು ಅರ್ಥ ಮಾಡಿ ಜಗಳಕ್ಕೆ ಬರುತ್ತಾರೆ. ನನ್ನ ಮನೆಯೂ ಕಟ್ಟಿದ್ದೇ. ಹಾಗಂತ ಮಳೆಗೆ ಸೋರಿದಾಗ ಅದು ಸುಳ್ಳಾಗುವುದಿಲ್ಲ.

ನನಗೆ ಸಿಕ್ಕಿದ ವೇಷ ಹೆಣ್ಣುಬಣ್ಣ, ಅಂದರೆ ರಾಕ್ಷಸಿ. ತೆಂಕುತಿಟ್ಟಿನ ‘ಪಂಚವಟಿ’ಯಲ್ಲಿ ಶೂರ್ಪನಖಿ ಒಬ್ಬಳಾದರೂ ವೇಷ ಎರಡು. ಮೊದಲು ಬರುವವಳು ಘೋರ ಶೂರ್ಪನಖಿ: ಬಣ್ಣದ ಮುಖ, ಅಕ್ಕಿಹಿಟ್ಟಿನ ಚುಟ್ಟಿ, ಆರ್ಭಟೆ. ಅವಳು ರಾಮನನ್ನು ನೋಡಿ ಬಯಸುತ್ತಾಳೆ. ಈ ರೂಪದಲ್ಲಿ ಹೋದರೆ ಆಗದು ಎಂದು ಚೆಲುವೆಯಾಗಿ ಬದಲಾಗುತ್ತಾಳೆ, ಆಗ ರಂಗಕ್ಕೆ ಇನ್ನೊಬ್ಬ ಕಲಾವಿದರ ಸ್ತ್ರೀವೇಷ ಬರುತ್ತದೆ. ಬಳುಕುವ ನಡೆ, ಇಳಿಸಿದ ಕಣ್ಣು, ಸೊಂಟ ಬಿಡದ ಮೊಣಕೈ. ಆ ವೇಷಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಮಾಯಾ ಶೂರ್ಪನಖಿ. ಎಷ್ಟೋ ರಾತ್ರಿ ನೋಡಿದ್ದೇನೆ, ಹೆಸರಿನ ಮೇಲೆ ಗಮನ ಹೋಗಿರಲಿಲ್ಲ. ಲಕ್ಷಣವಾದ ಹೆಣ್ಣು ಅಂದರೆ ಮಾಯೆಯಿಂದ ಮಾಡಿಕೊಂಡದ್ದು ಎಂದು ಪ್ರಸಂಗವೇ ಒಪ್ಪಿಕೊಂಡುಬಿಟ್ಟಿದೆ! ಬಯಸುವ, ಬಾಯಿಬಿಟ್ಟು ಕೇಳುವ, ಜೋರಾಗಿ ನಗುವ ಹೆಣ್ಣು ಅದರಲ್ಲಿ ಘೋರ. ಇನ್ನೊಂದು ವಿಷಯ ಬರೆಯಲು ಸ್ವಲ್ಪ ಸಂಕೋಚ, ಆದರೂ ಬರೆಯುತ್ತೇನೆ. ವೇಷ ಕಟ್ಟುವಾಗ ನನಗೆ ಹತ್ತಿ ತುಂಬಿ ಹೊಲಿದ ಮೊಲೆ ಕಟ್ಟಿದರು. ನನ್ನದು ಸಾಲದು ಎಂದಲ್ಲ, ವೇಷದ ಅಳತೆಯೇ ಬೇರೆ. ಚೌಕಿಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಹೆಣ್ಣುಬಣ್ಣಕ್ಕೆ ಆರ್ಭಟೆ ಬೇಕು. ನನಗೆ ಬೊಬ್ಬೆ ಹೊಡೆಯಲು ಬರುತ್ತಿರಲಿಲ್ಲ. ಹೆರಿಗೆಯಲ್ಲಿ ಕೂಡ ಸೀರೆಯ ಸೆರಗು ಕಚ್ಚಿಕೊಂಡವಳು ನಾನು. ಗುರುಗಳು ತೋಟಕ್ಕೆ ಹೋಗಿ ಅಭ್ಯಾಸ ಮಾಡಿ ಅಂದರು. ಒಂದು ಮುಂಜಾನೆ ಅಡಿಕೆ ತೋಟದ ನಡುವೆ ನಿಂತು, ಹೊಟ್ಟೆಯಿಂದ ದನಿ ಎತ್ತಿದೆ. ನಮ್ಮ ನಾಯಿ ಬಾಲ ಮುದುರಿ ಕೊಟ್ಟಿಗೆಗೆ ಓಡಿತು. ಐದು ನಿಮಿಷದಲ್ಲಿ ಪಕ್ಕದ ಮನೆಯವರು ಟಾರ್ಚ್, ದೊಣ್ಣೆ ಹಿಡಿದುಕೊಂಡು ಬಂದರು. “ಎಂತ ಅಕ್ಕಾ, ಹಾವಾ?” ಏನಿಲ್ಲ, ಪ್ರಾಕ್ಟೀಸು ಅಂದೆ. ಅವರ ಮುಖದಲ್ಲಿ ಮೂಡಿದ ಗಾಬರಿ ಹಾವಿಗೂ ಮೂಡುತ್ತಿರಲಿಲ್ಲ.

ಆ ಅತಿಥಿಗಳ ಮಾತಿಗೆ ಮರಳುತ್ತೇನೆ. ನನ್ನ ಗೆಳತಿಯ ನಡಿಗೆಯಲ್ಲಿ ಅವರಿಗೆ ಕಡಿಮೆ ಕಂಡದ್ದು ಏನು? ಅವಳು ಹತ್ತನೆಯ ವಯಸ್ಸಿನಿಂದ ಗುಡ್ಡದಿಂದ ಸೊಪ್ಪಿನ ಹೊರೆ ಇಳಿಸಿದವಳು. ಹೊರೆ ಹೊತ್ತವರ ಹೆಜ್ಜೆ ಅಗಲ, ಕುತ್ತಿಗೆ ನೆಟ್ಟಗೆ, ಕೈ ಬೀಸು. ಸ್ತ್ರೀವೇಷದ ಬಳುಕು ಅವಳ ಮನೆಯ ಹೆಂಗಸರದ್ದಲ್ಲ. ಹೊರೆಯನ್ನು ಬೇರೆಯವರಿಂದ ಹೊರಿಸುವ ಮನೆಯ ಹೆಂಗಸರದ್ದು, ಅಥವಾ ಅವರು ಹೀಗಿರಬೇಕು ಎಂದು ಗಂಡಸರು ಎಣಿಸಿದ್ದು. ಬೇಕಿದ್ದ ‘ಇನ್ನೂ ಸ್ವಲ್ಪ ಹೆಣ್ತನ’ದೊಳಗೆ ಜಾತಿ ಉಂಟು, ಗದ್ದೆ ತೋಟದ ಲೆಕ್ಕ ಉಂಟು. ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು ಸೋಜರ್ನರ್ ಟ್ರೂತ್ 1851ರಲ್ಲಿ ಒಹಾಯೊದ ಏಕ್ರನ್ ಊರಿನ ಮಹಿಳಾ ಸಮಾವೇಶದಲ್ಲಿ ಎದ್ದು ನಿಂತು, ಉಳುವುದರಲ್ಲಿ ಕೊಯ್ಯುವುದರಲ್ಲಿ ತಾನು ಯಾವ ಗಂಡಸಿಗೂ ಕಡಿಮೆಯಿಲ್ಲ ಎಂದದ್ದು ಈ ಲೆಕ್ಕವನ್ನೇ ಬಿಡಿಸಿ ಇಟ್ಟದ್ದು. ಹೆಣ್ಣನ್ನು ಸಮಾಜ ಕಟ್ಟುತ್ತದೆ ಎಂದು ಭಾಷಣ ಮಾಡುವ ನಮ್ಮವರು ಕೂಡ ಎಲ್ಲ ಹೆಂಗಸರನ್ನೂ ಒಂದೇ ಅಚ್ಚಿನಲ್ಲಿ ಕಟ್ಟಿದ ಹಾಗೆ ಮಾತಾಡುವುದುಂಟು. ನನಗೆ ಅಜ್ಜಿಯ ಕಡ್ಡಿ ಇತ್ತು. ಅವಳಿಗೆ ಯಾರೂ ಮೆಲ್ಲಗೆ ನಡೆ ಎನ್ನಲಿಲ್ಲ, ಬೇಗ ನಡೆ ಎಂದರು.

ಮರಾಠಿ ರಂಗಭೂಮಿಯ ಬಾಲಗಂಧರ್ವರ (1888–1967) ಕತೆ ಗೊತ್ತಿರಬಹುದು. ಅವರು ವೇದಿಕೆಯಲ್ಲಿ ಸೀರೆ ಉಟ್ಟ ರೀತಿ, ಮುಡಿದ ಹೂ, ತೊಟ್ಟ ಒಡವೆ ನೋಡಿ ಮನೆಮನೆಯ ಹೆಂಗಸರು ಹಾಗೆಯೇ ಸಿಂಗರಿಸಿಕೊಳ್ಳುತ್ತಿದ್ದರು. ಗಂಡಸು ಹೆಂಗಸನ್ನು ನೋಡಿ ಕಲಿತ, ಹೆಂಗಸು ಆ ಗಂಡಸನ್ನು ನೋಡಿ ಕಲಿತಳು. ಇದರಲ್ಲಿ ಮೂಲಪ್ರತಿ ಎಲ್ಲಿದೆ ಎಂದು ಹುಡುಕಿದರೆ ಕೈಗೆ ಸಿಗದು. 1990ರಲ್ಲಿ ‘ಜೆಂಡರ್ ಟ್ರಬಲ್’ ಬರೆದ ಜೂಡಿತ್ ಬಟ್ಲರ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಒಳಗೆ ಇದ್ದ ಹೆಣ್ತನ ಹೊರಗೆ ನಡಿಗೆಯಾಗಿ ಬರುವುದಲ್ಲ, ದಿನಾ ಹಾಗೆ ನಡೆದು ನಡೆದು ಒಳಗೆ ಏನೋ ಇದೆ ಅನ್ನಿಸುತ್ತದೆ.

ಇಲ್ಲಿಯವರೆಗೆ ಯಕ್ಷಗಾನ ನನಗೆ ಸಾಥ್ ಕೊಟ್ಟಿತು. ಇನ್ನು ಮುಂದೆ ಕೊಡುವುದಿಲ್ಲ. ಲಿಂಗ ಎನ್ನುವುದು ಬೆಳಿಗ್ಗೆ ಕಪಾಟಿನಿಂದ ಆರಿಸಿ ತೊಡುವ ಬಟ್ಟೆ ಎಂದು ಜನ ತಪ್ಪು ತಿಳಿದದ್ದಕ್ಕೆ ಬಟ್ಲರ್ 1993ರಲ್ಲಿ ಇನ್ನೊಂದು ಪುಸ್ತಕವನ್ನೇ ಬರೆಯಬೇಕಾಯಿತಂತೆ. ಚೌಕಿಯ ಬಣ್ಣ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ. ಅಜ್ಜಿ ಕಟ್ಟಿದ್ದು ಯಾವ ಎಣ್ಣೆಗೂ ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಚೌಕಿಯಲ್ಲಿ ವೇಷ ತಪ್ಪಿದರೆ ಗುರುಗಳು ಬೈಯುತ್ತಾರೆ, ಬೀದಿಯಲ್ಲಿ ತಪ್ಪಿದರೆ ಹೊಡೆಯುತ್ತಾರೆ.

ಆ ಮೂಲೆಯ ಹುಡುಗನ ವಿಷಯ ಹೇಳಿದೆನಲ್ಲ. ಅವನ ಸ್ತ್ರೀವೇಷಕ್ಕೆ ಮೊದಲ ವರ್ಷವೇ ಹೆಸರು ಬಂತು. ಹೂಮಾಲೆ, ಐನೂರರ ನೋಟು, ಮೊಬೈಲಿನಲ್ಲಿ ಫೋಟೋ. ಆದರೆ ಅವನ ನಡಿಗೆ ವೇಷ ಕಳಚಿದ ಮೇಲೂ ಮೆತ್ತಗೆ, ಅದು ಅವನದ್ದೇ. ಶಾಲೆಯಲ್ಲಿ ಹುಡುಗರು ‘ಹೆಣ್ಣಿಗ’ ಎಂದು ಕೂಗುತ್ತಿದ್ದರು. ಮಾಸ್ತರರೊಬ್ಬರು ಎಲ್ಲರೆದುರು “ಗಂಡಸಿನ ಹಾಗೆ ನಡಿಯಾ” ಎಂದು ಅಂಗಳದ ಉದ್ದಕ್ಕೂ ಎರಡು ಸಲ ನಡೆಸಿದರಂತೆ. ಅವನು ಆಮೇಲೆ ಶಾಲೆಗೂ ಹೋಗಲಿಲ್ಲ, ತರಗತಿಗೂ ಬರಲಿಲ್ಲ. ಅವನು ಗಂಡೋ ಹೆಣ್ಣೋ ಇನ್ನೊಂದೋ, ಅಥವಾ ಬರೀ ಮೆತ್ತಗೆ ನಡೆಯುವ ಒಬ್ಬ ಹುಡುಗನೋ, ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಕೆಲಸವೂ ನನ್ನದಲ್ಲ. ತಾನು ಯಾವ ಲಿಂಗದವರು ಎಂದು ಹೇಳುವ ಹಕ್ಕು ಅವರವರದ್ದೇ ಎಂದು 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆ. ಆ ತೀರ್ಪು ನಮ್ಮ ಶಾಲೆಯ ಅಂಗಳಕ್ಕೆ ಇನ್ನೂ ತಲುಪಿಲ್ಲ.

ಇದೆಲ್ಲ ಹೊರದೇಶದ ವಿಚಾರ, ನಮ್ಮ ಸಂಸ್ಕೃತಿಗೆ ಆಗದು ಎನ್ನುವವರಿಗೆ ನಾನು ಒಂದು ರಾತ್ರಿ ಚೌಕಿಯಲ್ಲಿ ಕೂರಲು ಹೇಳುತ್ತೇನೆ. ಗಂಡು ಹೆಣ್ಣಾಗುವುದನ್ನೂ ಹೆಣ್ಣು ಗಂಡಾಗುವುದನ್ನೂ ಗಡಿಯಾರ ಹಿಡಿದು ನೋಡಬಹುದು. ಹೊರಗಿನಿಂದ ಬರಬೇಕಾದ ಜ್ಞಾನ ಅದರಲ್ಲಿ ಏನೂ ಇಲ್ಲ. ನಮಗೆ ಇಲ್ಲದ್ದು, ರಂಗದಲ್ಲಿ ಹೂಮಾಲೆ ಹಾಕಿದ ನಡಿಗೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಹೋಗಲು ಬಿಡುವ ಅಭ್ಯಾಸ.

ಕಳೆದ ಜಾತ್ರೆಗೆ ನನ್ನ ಹೆಣ್ಣುಬಣ್ಣ ಸಭೆಯ ಹಿಂದಿನಿಂದ ಆರ್ಭಟಿಸುತ್ತ ಬಂದಾಗ ಮಕ್ಕಳು ಚದುರಿ ಓಡಿದವು. ಆಟ ಮುಗಿದ ಮೇಲೆ ಹಿರಿಯರೊಬ್ಬರು ಚೌಕಿಗೆ ಬಂದು, “ಭಾರೀ ಲಾಯ್ಕ ಆಯ್ತು. ಹೆಂಗಸು ಅಂತ ಗೊತ್ತೇ ಆಗಲಿಲ್ಲ” ಎಂದರು. ರಾಕ್ಷಸಿಯೂ ಹೆಂಗಸೇ ಅಲ್ಲವೇ ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡು ಕೈ ಮುಗಿದೆ.

ಬೆಳಿಗ್ಗೆ ಸಂಘದ ಬಾಗಿಲು ತೆರೆಯಬೇಕಿತ್ತು. ಮೊದಲ ಬಸ್ಸಿನಲ್ಲಿ ಕೂತಾಗ ಮೊಣಕೈಗಳು ಮತ್ತೆ ಸೊಂಟಕ್ಕೆ ಅಂಟಿಕೊಂಡಿದ್ದವು, ಯಾರೂ ಹೇಳಿರಲಿಲ್ಲ. ಪಕ್ಕದ ಗಂಡಸಿನ ಮೊಣಕಾಲು ನನ್ನ ಸೀಟಿನ ಅರ್ಧಕ್ಕೆ ಬಂದಿತ್ತು. ಸ್ವಲ್ಪ ಸರೀರಿ ಅನ್ನೋಣ ಎಂದು ಬಾಯಿ ತೆರೆದೆ. ರಾತ್ರಿಯ ಗಂಟಲು ಇನ್ನೂ ಇಳಿದಿರಲಿಲ್ಲವೋ ಏನೋ, ಬಂದದ್ದು ಶೂರ್ಪನಖಿಯ ದನಿ. ನಿದ್ದೆ ಮಾಡುತ್ತಿದ್ದ ಬಸ್ಸು ಎಚ್ಚರವಾಯಿತು. ಆತ ಎದ್ದು ಹಿಂದಿನ ಸೀಟಿಗೇ ಹೋದ. ನನಗೆ ನಾಚಿಕೆಯಾಗಿ, ಇಲ್ಲದ ಚಿಲ್ಲರೆಯನ್ನು ಬ್ಯಾಗಿನಲ್ಲಿ ಹುಡುಕುತ್ತ ಕೂತೆ.