ತಡವಾಗಿ ಏಳುವ ಬಂಡಾಯ

ಬಂಡಾಯದ ಕಥೆಯೆಂದರೆ ಮೊದಲ ಪುಟದಲ್ಲಿಯೇ ಕಿಡಿ ಹಾರಬೇಕೆಂದು ಎಳೆಯ ಓದುಗರು ಬಯಸುವುದು ಸಹಜ. ಅಮೆರಿಕದ ಲೇಖಕಿ ಲೋಯಿಸ್ ಲೌರಿಯವರು 1993ರಲ್ಲಿ ಪ್ರಕಟಿಸಿದ ‘ದಿ ಗಿವರ್’ ಎಂಬ ಇಂಗ್ಲಿಷ್ ಕಾದಂಬರಿ ಈ ಬಯಕೆಯನ್ನು ಬೇಗನೆ ಈಡೇರಿಸುವುದಿಲ್ಲ. ನಾಲ್ಕು ಅಧ್ಯಾಯ ಓದಿ ಅದನ್ನು ಮಡಿಸಿಡಲು ಮನಸ್ಸಾಗುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಎರಡು ಮಾತು ಹೇಳಬಯಸುತ್ತೇವೆ.

ಕಥೆ ನಡೆಯುವುದು ಮುಂದೆಂದೋ ಬರಬಹುದಾದ ಕಾಲದ ಒಂದು ಊರಿನಲ್ಲಿ. ಅಲ್ಲಿ ಹಸಿವಿಲ್ಲ, ಕಲಹವಿಲ್ಲ. ಕುಟುಂಬವೊಂದಕ್ಕೆ ಒಬ್ಬ ಮಗ, ಒಬ್ಬ ಮಗಳು. ಹೆರುವವರು ಬೇರೆ, ಸಾಕುವವರು ಬೇರೆ. ಮಕ್ಕಳಿಗೆ 9ನೆಯ ವರ್ಷಕ್ಕೆ ಸೈಕಲ್ಲು, 12ನೆಯದಕ್ಕೆ ಹಿರಿಯರು ಗೊತ್ತುಮಾಡಿದ ಉದ್ಯೋಗ. 23 ಅಧ್ಯಾಯಗಳ ಪುಸ್ತಕದಲ್ಲಿ ಕಥಾನಾಯಕನಾದ ಜೋನಸನಿಗೆ ತನ್ನ ಉದ್ಯೋಗ ತಿಳಿಯುವುದೇ 8ನೆಯದರಲ್ಲಿ. ಅಲ್ಲಿಯವರೆಗೆ ಬಹುಮಟ್ಟಿಗೆ ದಿನಚರಿಯೇ ತುಂಬಿದೆ.

ಈ ನಿಧಾನಕ್ಕೆ ಕಾರಣವುಂಟು. ಇಂಥ ಅಚ್ಚುಕಟ್ಟಾದ ಊರಿನಲ್ಲಿ ಕೊರತೆಯಾದರೂ ಏನೆಂದು ಓದುಗನು ತಾನಾಗಿಯೇ ತಲೆದೂಗುವವರೆಗೆ ಲೇಖಕಿ ಕಾಯುತ್ತಾರೆ. ಹಾಗೆ ಒಪ್ಪಿದವನಿಗೇ ಮುಂದಿನ ಸತ್ಯ ಬಲವಾಗಿ ತಾಗುತ್ತದೆ.

ಜನರು ದುಃಖಪಡಬಾರದೆಂದು ಆ ಊರಿನವರು ಎಂದೋ ಬಣ್ಣವನ್ನು, ಹಿಮವನ್ನು, ಗತಕಾಲದ ನೆನಪುಗಳನ್ನು ತೊರೆದಿದ್ದಾರೆ. ಆ ನೆನಪುಗಳೆಲ್ಲವನ್ನೂ ಒಬ್ಬ ವೃದ್ಧನು ಹೊತ್ತಿದ್ದಾನೆ; ಅವನಿಂದ ಅವುಗಳನ್ನು ಪಡೆಯುವುದೇ ಜೋನಸನ ಉದ್ಯೋಗ. ಮೊದಲು ಹಿಮದ ಮೇಲೆ ಜಾರುಬಂಡಿಯ ಸುಖ, ಅನಂತರ ಮುರಿದ ಕಾಲಿನ ಯಾತನೆ, ಯುದ್ಧಭೂಮಿಯ ನರಳಾಟ. ಪ್ರೀತಿಯೆಂಬುದನ್ನೂ ಅವನು ನೆನಪಿನಲ್ಲಿಯೇ ಮೊದಲು ಕಾಣುತ್ತಾನೆ. ಮನೆಗೆ ಬಂದು, ನಿಮಗೆ ನನ್ನ ಮೇಲೆ ಪ್ರೀತಿಯಿದೆಯೇ ಎಂದು ಕೇಳಿದರೆ, ತಂದೆತಾಯಿಗಳು ನಕ್ಕು, ಇನ್ನಷ್ಟು ಖಚಿತವಾದ ಪದ ಬಳಸೆಂದು ಅವನನ್ನು ತಿದ್ದುತ್ತಾರೆ.

ಆ ಊರಿನಲ್ಲಿ ವೃದ್ಧರನ್ನೂ ಬಲಹೀನ ಶಿಶುಗಳನ್ನೂ ‘ಬಿಡುಗಡೆ’ ಮಾಡುವ ವಾಡಿಕೆಯುಂಟು. ಆ ಮಾತಿನ ಅರ್ಥ ಬಿಚ್ಚಿಕೊಳ್ಳುವುದು 19ನೆಯ ಅಧ್ಯಾಯದಲ್ಲಿ. ಶಿಶುಪಾಲಕನಾದ ತಂದೆ ಅವಳಿಗಳಲ್ಲಿ ತೂಕ ಕಡಿಮೆಯಾದ ಕೂಸನ್ನು ಮುದ್ದುಮಾತಾಡುತ್ತಲೇ ಸೂಜಿಮದ್ದಿನಿಂದ ಕೊಲ್ಲುತ್ತಾನೆ. ಆತ ಕ್ರೂರಿಯಲ್ಲ, ಆ ಕಾರ್ಯಕ್ಕೆ ಅವನಲ್ಲಿ ಬೇರೆ ಮಾತೇ ಇಲ್ಲ. ಒಳ್ಳೆಯ ಪದವೊಂದು ಕೊಲೆಯನ್ನು ಹೇಗೆ ಮುಚ್ಚಬಲ್ಲದೆಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಮಕ್ಕಳ ಪುಸ್ತಕವನ್ನು ನಾವು ಬೇರೆ ಕಂಡಿಲ್ಲ.

ಬಂಡಾಯ ಆರಂಭವಾಗುವುದು ಆಗ. ಘೋಷಣೆಯಿಲ್ಲ, ಆಯುಧವಿಲ್ಲ. ‘ಬಿಡುಗಡೆ’ಗೆ ಗುರಿಯಾದ ಇನ್ನೊಂದು ಕೂಸನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಾಲಕನು ಇರುಳಿನಲ್ಲಿ ಊರು ಬಿಡುತ್ತಾನೆ. ಅವನು ಹೋದರೆ ನೆನಪುಗಳು ಜನರಿಗೆ ಮರಳುವುವು, ನೋವೂ ಮರಳುವುದು. ಮುಂದಿನದನ್ನು ಓದಿಯೇ ತಿಳಿಯತಕ್ಕದ್ದು.

ಈ ಕೃತಿಗೆ 1994ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಸಂದಿತು. ಮಕ್ಕಳಿಗೆ ಇಂಥ ವಿಷಯ ಸಲ್ಲದೆಂದು ಅಲ್ಲಿಯ ಕೆಲವು ಪೋಷಕರು ಆಕ್ಷೇಪಿಸಿ, ಶಾಲೆಗಳಿಂದ ತೆಗೆಯಬೇಕೆಂದು ಒತ್ತಾಯಿಸಿದ್ದೂ ಉಂಟು. ಅವರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಆದರೆ ಈ ಕಥೆಯ ಬೀಜವೇ ಒಂದು ಮನೆಯ ದುಃಖದಲ್ಲಿದೆ. ಲೇಖಕಿಯ ತಂದೆ ಮುಪ್ಪಿನಲ್ಲಿ ಮರೆವಿಗೆ ಒಳಗಾಗಿ, ಅಕಾಲದಲ್ಲಿ ತೀರಿಕೊಂಡ ತಮ್ಮ ಮಗಳ ಸಾವನ್ನೇ ಮರೆತಿದ್ದರು. ಆ ಮರೆವು ಸುಖವೋ ನಷ್ಟವೋ ಎಂಬ ಪ್ರಶ್ನೆಯಿಂದ ಪುಸ್ತಕ ಹುಟ್ಟಿತು.

ನಾವೂ ಮಕ್ಕಳ ಮೇಲಿನ ಮಮತೆಯಿಂದಲೇ ಮನೆಯ ಕಾಯಿಲೆಯನ್ನು, ಸಾಲವನ್ನು, ಸಾವನ್ನು ಅವರಿಂದ ಮರೆಮಾಡುತ್ತೇವೆ. ಅಜ್ಜಿ ಎಲ್ಲಿ ಹೋದಳೆಂದು ಕೇಳುವ ಮಗುವಿಗೆ ಊರಿಗೆ ಹೋಗಿದ್ದಾಳೆನ್ನುತ್ತೇವೆ. ಇಂಗ್ಲಿಷ್ ಬಲ್ಲ ತಂದೆತಾಯಿಗಳು ಈ ಪುಸ್ತಕವನ್ನು ಮೊದಲು ತಾವು ಓದಲಿ. 12 ದಾಟಿದ ಮಕ್ಕಳ ಕೈಗೆ ಅನಂತರ ಕೊಡಲಿ. 19ನೆಯ ಅಧ್ಯಾಯದ ದಿನ ಮಗುವಿನ ಪಕ್ಕದಲ್ಲಿ ಕುಳಿತಿರಲಿ. ಆ ದಿನ ಮಗು ಕೇಳುವ ಪ್ರಶ್ನೆಗೆ ನಯವಾದ ಮಾತನ್ನಲ್ಲ, ನಿಜವಾದ ಮಾತನ್ನೇ ಹೇಳಲಿ.