ಹಿಂತೆಗೆದುಕೊಂಡ ಒಂದು ಮಾತು

"ಕಷ್ಟದಲ್ಲಿ ಬೆಳೆದವನೇ ಗಟ್ಟಿಗ" ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ.

1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮತ್ತು ಸಂಗಡಿಗರು 9,000ಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ವಿಚಾರಿಸಿ ಬರೆದರು: ಹೊಡೆತ, ನಿಂದನೆ, ಮನೆಯವರ ಕುಡಿತ, ತಾಯಿಯ ಮೇಲಿನ ಹಲ್ಲೆ ಮುಂತಾದವುಗಳಲ್ಲಿ ನಾಲ್ಕನ್ನಾದರೂ ಕಂಡವರಿಗೆ ಖಿನ್ನತೆ, ಮದ್ಯವ್ಯಸನ, ಆತ್ಮಹತ್ಯಾ ಯತ್ನಗಳ ಅಪಾಯವು ಏನನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಅಧಿಕ. (ಅಪಾಯವಷ್ಟೇ, ಹಣೆಬರಹವಲ್ಲ.)

ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ರಾತ್ರಿ ಮನೆಯಲ್ಲಿ ಏನು ನಡೆಯಿತೆಂದು ಕೇಳಲಿಲ್ಲ. ಅವನ ತಂದೆಯ ಕುಡಿತ ಊರಿಗೆಲ್ಲ ಗೊತ್ತಿತ್ತು, ನನಗೂ.

ಮಕ್ಕಳೇ, ನಡುವಯಸ್ಸಿನಲ್ಲಿ ಆ ದಿನಗಳು ನಿಮ್ಮನ್ನು ಕಾಡುತ್ತಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.